ದಾಕ್ಷಾಯಣಿಯ ಜಗಲಿಯ ಎರಡನೇ ದೀಪ

ನಮ್ಮ ಊರಿನಲ್ಲಿ ನನ್ನಷ್ಟು ಜಾಣ ಇನ್ನೊಬ್ಬನಿಲ್ಲ ಎಂದು ನಂಬಿದ್ದವರು ಇಬ್ಬರೇ ಇಬ್ಬರು. ಒಬ್ಬ ನಾನು, ಇನ್ನೊಬ್ಬಳು ಎದುರು ಮನೆಯ ದಾಕ್ಷಾಯಣಿ. ನನ್ನನ್ನು ನಾನು ನಂಬಿದ್ದರಿಂದ ಊರಿಗೆ ಅಂಥ ತೊಂದರೆಯೇನೂ ಆಗಲಿಲ್ಲ, ಜನ ಅದನ್ನು ನಕ್ಕು ಬಿಟ್ಟುಬಿಟ್ಟಿದ್ದರು. ಆದರೆ ಆಕೆ ನನ್ನನ್ನು ನಂಬಿ, ತನ್ನ ಎರಡು ಕಣ್ಣೂ ಹೋದವು ಎಂದುಕೊಂಡು, ಸೂಜಿ ದಾರ ಕಟ್ಟಿಟ್ಟು ಊರು ಬಿಡುವ ತನಕ ಬಂದಳು. ಅದನ್ನು ನಾನೇ ಹೇಳಿಬಿಡುವುದು ವಾಸಿ. ಬೇರೆಯವರು ಹೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.

ನಮ್ಮ ಊರು ಇರುವುದು ದೊಡ್ಡದೊಂದು ಬಂಡೆಯ ಚಾಚಿನ ಅಡಿಯಲ್ಲಿ. ಬಿಸಿಲು ಬರುವುದು ಮಧ್ಯಾಹ್ನ ಊಟದ ಹೊತ್ತಿಗೆ, ಅದೂ ಬಾವಿಕಟ್ಟೆಯ ತನಕ ಬಂದು ಇಣುಕಿ ನೋಡಿ ಹೋಗುತ್ತದೆ. ಮಿಕ್ಕ ಹೊತ್ತೆಲ್ಲ ದೀಪವೇ. ಆ ದೀಪಗಳನ್ನು ಚಾವಡಿಯ ತಾಯಿದೀಪದಿಂದಲೇ ಹಚ್ಚಿಕೊಂಡು ಬರಬೇಕು, ಬೆಂಕಿಪೊಟ್ಟಣ ಒಲೆಗೆ ಮಾತ್ರ. ಹಾಗೆ ಹಚ್ಚಿದ ಒಂದು ದೀಪ ಒಂಟಿಯಾಗಿದ್ದರೆ ಎಲ್ಲ ಕಡೆಯಂತೆ ಸಾದಾ ಬೆಳಕು ಕೊಡುತ್ತದೆ. ಎರಡನ್ನು ಹತ್ತಿರ ಇಟ್ಟಿರೋ, ಬೆಳಕು ಪಟ್ಟಿಪಟ್ಟಿಯಾಗಿ ಬೀಳುತ್ತದೆ. ಒಂದು ಬಿಳಿಪಟ್ಟಿ, ಅದರ ಪಕ್ಕಕ್ಕೆ ಒಂದು ಕರಿಪಟ್ಟಿ, ಮತ್ತೆ ಬಿಳಿ, ಮತ್ತೆ ಕರಿ. ಬಿಳಿಪಟ್ಟಿಯಲ್ಲಿ ಕೂತರೆ ಎರಡಲ್ಲ, ನಾಲ್ಕು ದೀಪದ ಬೆಳಕು. ಕರಿಪಟ್ಟಿಯಲ್ಲಿ ಎರಡು ದೀಪ ಕಣ್ಣೆದುರಿಗೇ ಉರಿಯುತ್ತಿದ್ದರೂ ಕತ್ತಲೆ.

ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಯಿತು. ಅಕ್ಕಿ ಆರಿಸುವವರು, ಅವರೆಕಾಯಿ ಬಿಡಿಸುವವರು, ಗಡ್ಡ ಬೋಳಿಸಿಕೊಳ್ಳುವವರು ಬಿಳಿಪಟ್ಟಿಯಲ್ಲಿ ಕೂರುತ್ತಾರೆ. ತೊಟ್ಟಿಲು ಕಟ್ಟುವುದು ಕರಿಪಟ್ಟಿಯಲ್ಲಿ. ತರಕಾರಿ ಅಂಗಡಿಯವನು ಹುಳುಕು ಬದನೆಕಾಯಿ ಸುರಿಯುವುದೂ ಕರಿಪಟ್ಟಿಯಲ್ಲೇ. ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರು ಎದ್ದು ಹೋಗಬೇಕಾಗಿಲ್ಲ, ಒಂದು ಮೊಳ ಸರಿದು ಕೂತರೆ ಸಾಕು, ಅವರ ಮುಖ ಇವರಿಗೆ ಕಾಣುವುದಿಲ್ಲ. ಇದು ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ನನಗೆ ಕೆಲಸ ಕಲಿಸಿದ ತಿಮ್ಮಾಜಮ್ಮ ಒಂದೇ ಒಂದು ಸಲ ಹೇಳಿದ್ದರು: "ಒಂದೇ ತಾಯಿ ಮಕ್ಕಳು ಕಣೋ. ಎರಡೂ ಒಂದೇ ಹೆಜ್ಜೆ ಹಾಕ್ಕೊಂಡು ಹೊರಡ್ತವೆ. ಬಂದು ಸೇರೋ ಕಡೆ ಇಬ್ಬರ ಹೆಜ್ಜೆ ಒಟ್ಟಿಗೆ ಬಿದ್ರೆ ಬಿಳಿ. ಒಬ್ಬ ಕಾಲು ಎತ್ತೋವಾಗ ಇನ್ನೊಬ್ಬ ಕಾಲಿಟ್ರೆ ಕರಿ. ಇನ್ನೇನು ಬೇಕು ನಿನಗೆ?"

ಈ ಪಟ್ಟಿಗಳನ್ನು ಬೇಕಾದ ಕಡೆ ಬೀಳುವಂತೆ ಮಾಡಿಕೊಡುವವನು ಪಟ್ಟಿಗಾರ. ಊರಿನ ಪಟ್ಟಿಗಾರ ನಾನೇ. ಹೆಸರು ಶಿವರುದ್ರಯ್ಯ, ವಯಸ್ಸು ನಲವತ್ತೊಂಬತ್ತು. ಮದುವೆಯಾಗಿಲ್ಲ. ಯಾಕಾಗಿಲ್ಲ ಎಂದು ಕೇಳಿದವರಿಗೆ ಇಪ್ಪತ್ತು ವರ್ಷದಿಂದ ಕೆಲಸದ ಒತ್ತಡ ಎಂದು ಹೇಳಿಕೊಂಡು ಬಂದಿದ್ದೇನೆ. ನನ್ನ ಸಾಮಾನು ಒಂದು ಏಣಿ, ಒಂದು ಅಳತೆಕೋಲು, ಒಂದು ಕಟ್ಟು ಬೆಳಕು ಹಾಯುವ ಅಭ್ರಕದ ಹಾಳೆ. ದೀಪಗಳನ್ನು ಹತ್ತಿರ ತಂದರೆ ಪಟ್ಟಿ ಅಗಲವಾಗುತ್ತದೆ, ದೂರ ಸರಿಸಿದರೆ ಸಣ್ಣದಾಗುತ್ತದೆ. ಒಂದು ದೀಪದ ಮುಂದೆ ಸರಿಯಾದ ದಪ್ಪದ ಅಭ್ರಕ ಸಿಕ್ಕಿಸಿದರೆ ಅದರ ಬೆಳಕು ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ, ಆಗ ಬಿಳಿ ಇದ್ದಲ್ಲಿ ಕರಿ, ಕರಿ ಇದ್ದಲ್ಲಿ ಬಿಳಿ. ಇಷ್ಟೇ ವಿದ್ಯೆ. ಇದರ ಜೊತೆಗೆ ತಿಮ್ಮಾಜಮ್ಮ ಕಟ್ಟಿಕೊಟ್ಟ ಒಂದು ನಿಯಮವಿತ್ತು. ಯಾರಿಗಾಗಿ ದೀಪ ಹಾಕುತ್ತೇವೋ ಅವರು ಕೂರುವ ಜಾಗದಲ್ಲಿ ನಾವು ಕೂತು ನೋಡದೆ ಏಣಿ ಎತ್ತಬಾರದು. ಇಪ್ಪತ್ತು ವರ್ಷದಲ್ಲಿ ನಾನು ಕ್ಷೌರದ ಕುರ್ಚಿಯಲ್ಲಿ ಕೂತಿದ್ದೇನೆ, ಒರಳುಕಲ್ಲಿನ ಮುಂದೆ ಕೂತಿದ್ದೇನೆ, ಬಾಣಂತಿಯ ಮಂಚದ ಮೇಲೂ ಕೂತು ಅವಳ ತಾಯಿಯಿಂದ ಬೈಸಿಕೊಂಡಿದ್ದೇನೆ.

ದಾಕ್ಷಾಯಣಿ ಕುಪ್ಪಸಗಳಿಗೆ ಕಸೂತಿ ಹಾಕುತ್ತಿದ್ದಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಅಂದಿನಿಂದ ಆಕೆಯ ಅನ್ನ ಆ ಸೂಜಿಯ ಮೊನೆಯಲ್ಲಿತ್ತು. ಬಂಡೆಯಡಿಯ ಮದುಮಗಳು ಯಾರೇ ಆದರೂ ಆಕೆಯ ಕೈಯ ಕುಪ್ಪಸವೇ ತೊಡಬೇಕು. ಜಗಲಿಯ ಕಂಬದಲ್ಲಿ ಒಂದೇ ಒಂದು ದೀಪ, ಅದರೆದುರು ಚಾಪೆ ಹಾಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದಳು. ನನ್ನ ಕಿಟಕಿಯಿಂದ ನೋಡಿದರೆ ಆ ಸಾದಾ ಬೆಳಕಿನಲ್ಲಿ ಆಕೆ ಮಸುಕುಮಸುಕಾಗಿ ಕಾಣುತ್ತಿದ್ದಳು. ನಾನು ನೋಡುತ್ತಿದ್ದೆ ಎಂದು ಒಪ್ಪಿಕೊಂಡರೆ ತಪ್ಪೇನೂ ಇಲ್ಲ, ಕಿಟಕಿ ಇರುವುದೇ ನೋಡುವುದಕ್ಕೆ. ಮಸುಕಾಗಿ ಕಾಣುತ್ತದಲ್ಲ ಎಂಬುದೊಂದೇ ನನ್ನ ದುಃಖ. ಆ ದುಃಖಕ್ಕೆ ನಾನು ಪರೋಪಕಾರ ಎಂದು ಹೆಸರಿಟ್ಟೆ.

"ದಾಕ್ಷಾಯಣಿಯವ್ರೇ, ಒಂದೇ ದೀಪದಲ್ಲಿ ಎಷ್ಟು ದಿನ ಅಂತ ಕಷ್ಟ ಪಡ್ತೀರಿ? ಇನ್ನೊಂದು ಹಾಕ್ಕೊಡ್ತೀನಿ, ನನ್ನ ಕಡೆಯಿಂದ," ಎಂದೆ ಒಂದು ಬೆಳಿಗ್ಗೆ, ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋಗಿ.

"ಅಯ್ಯೋ, ನನಗೆ ಇದೇ ಅಭ್ಯಾಸ ಆಗ್ಹೋಗಿದೆ. ಪಟ್ಟಿ ಗಿಟ್ಟಿ ಎಲ್ಲ ನನಗೆ ಗೊತ್ತಾಗಲ್ಲ."

"ನಿಮಗ್ಯಾಕೆ ಗೊತ್ತಾಗ್ಬೇಕು? ನಾನಿಲ್ವಾ?"

ಈ 'ನಾನಿಲ್ವಾ' ಎಂಬ ಮಾತನ್ನು ನೆನೆದಾಗಲೆಲ್ಲ ಈಗಲೂ ನನಗೆ ಬೆವರು ಬರುತ್ತದೆ.

ಮೊದಲಿನ ದೀಪದ ಕೆಳಗೆ ಎರಡನೆಯದನ್ನು ತೂಗುಹಾಕಿದೆ. ದೀಪಗಳು ಅಕ್ಕಪಕ್ಕ ಇದ್ದರೆ ಪಟ್ಟಿಗಳು ನೆಟ್ಟಗೆ ನಿಲ್ಲುತ್ತವೆ, ಮೇಲೆ ಕೆಳಗೆ ಇದ್ದರೆ ಅಡ್ಡಡ್ಡ ಮಲಗುತ್ತವೆ. ಆಕೆ ಚಾಪೆಯ ಮೇಲೆ ಕೂತಳು. ನಾನು ಬೀದಿ ದಾಟಿ ನನ್ನ ಕಿಟಕಿಗೆ ಹೋಗಿ ನೋಡಿ, ಮತ್ತೆ ಓಡಿಬಂದು ದೀಪವನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಕಿಟಕಿಗೆ ಓಡಿ, ಹೀಗೆ ಹನ್ನೊಂದು ಸಲ ಬೀದಿ ದಾಟಿದೆ.

"ಅಲ್ಲಿಂದ ಯಾಕೆ ನೋಡ್ತೀರಿ?" ಎಂದು ಆಕೆ ಕೇಳಿದಳು.

"ದೂರದಿಂದ ನೋಡಿದ್ರೇನೇ ಪಟ್ಟಿ ಸೊಟ್ಟ ಇದೆಯೋ ನೆಟ್ಟಗಿದೆಯೋ ತಿಳಿಯೋದು," ಎಂದೆ. ಹಸಿ ಸುಳ್ಳು. ಹನ್ನೊಂದನೆಯ ಸಲ ಕಿಟಕಿಯಲ್ಲಿ ನಿಂತಾಗ ಬಿಳಿಪಟ್ಟಿ ಸರಿಯಾಗಿ ಆಕೆಯ ಮುಖದ ಮೇಲೆ ಬಂದು ಕೂತಿತ್ತು. ನಾಲ್ಕು ದೀಪದ ಬೆಳಕಿನಲ್ಲಿ ಮೂಗುಬೊಟ್ಟು, ಹುಬ್ಬು, ಗಲ್ಲದ ಸಣ್ಣ ಗುಳಿ ಎಲ್ಲ ಕಂಡವು. ನನ್ನ ವಿದ್ಯೆ ಸಾರ್ಥಕವಾಯಿತು ಎನ್ನಿಸಿತು. ಆಕೆಯ ಚಾಪೆಯ ಮೇಲೆ ಕೂತು ನೋಡುವುದೊಂದು ಬಾಕಿ ಇತ್ತು, ನಿಜ. ಆದರೆ ಬೀದಿಯವರೆಲ್ಲ ನೋಡುತ್ತಿರುವಾಗ ಒಂಟಿ ಹೆಂಗಸಿನ ಚಾಪೆಯ ಮೇಲೆ ನಾನು ಹೇಗೆ ಕೂರಲಿ? ಬಾಣಂತಿಯ ಮಂಚದ ಮೇಲೆ ಬಾರದಿದ್ದ ನಾಚಿಕೆ ಅಲ್ಲಿ ಬಂತು. ಏಣಿ ಎತ್ತಿಕೊಂಡು ಮನೆಗೆ ಬಂದೆ.

ಎರಡು ವಾರ ನಾನು ಸುಖವಾಗಿದ್ದೆ. ಒಂದು ದಿನ ಆಕೆಯೇ ಜಗಲಿಯಿಂದ ಕರೆದಳು. "ಪಟ್ಟಿಗಾರ್ರೇ, ಮುಖಕ್ಕೆ ಬೇಕಾದಷ್ಟು ಬೆಳಕು ಬೀಳತ್ತೆ, ಕಣ್ಣು ಕುಕ್ಕೋ ಹಾಗೆ. ಆದ್ರೂ ಹೊಲಿಗೆ ಕಾಣಲ್ಲ. ಬಟ್ಟೆ ಮೂಗಿನ ಹತ್ರ ಹಿಡಿದ್ರೆ ಕಾಣತ್ತೆ, ತೊಡೆ ಮೇಲಿಟ್ರೆ ಇಲ್ಲ."

ಬೇರೆ ಯಾವನಾದರೂ ಪಟ್ಟಿಗಾರನಾಗಿದ್ದರೆ ಆ ಮಾತಿನಲ್ಲೇ ಉತ್ತರ ಇದೆ ಎಂದು ಹಿಡಿದುಬಿಡುತ್ತಿದ್ದ. ನಾನು ಗಲ್ಲ ನೇವರಿಸಿಕೊಂಡು, "ಹತ್ತಿರದ್ದು ಕಾಣತ್ತೆ, ದೂರದ್ದು ಕಾಣಲ್ಲ ಅಂದ್ರೆ ಅದು ಕಣ್ಣಿಂದು. ವಯಸ್ಸಾಗ್ತಾ ಇದೆಲ್ಲ ಇದ್ದದ್ದೇ," ಎಂದೆ. ನಲವತ್ತೆರಡರ ಹೆಂಗಸಿಗೆ, ಅದೂ ಮೆಚ್ಚಿಸಬೇಕೆಂದು ಎರಡು ವಾರದಿಂದ ಬೈತಲೆ ತೆಗೆದು ಬಾಚಿಕೊಳ್ಳುತ್ತಿದ್ದವನು ಹೇಳುವ ಮಾತೇ ಇದು?

ಆಕೆಯ ಮುಖ ಸಣ್ಣಗಾಯಿತು. "ಅಮ್ಮನಿಗೂ ಹೀಗೇ ಶುರುವಾಗಿದ್ದು," ಎಂದಳು, "ಇದೇ ವಯಸ್ಸಲ್ಲಿ. ಆಮೇಲೆ ಪೂರ್ತಿ ಹೋಯ್ತು."

ನಾನು ಧೈರ್ಯ ಹೇಳಿದೆ. ಮಾರನೆಯ ದಿನ ನಂದಿಬಟ್ಟಲ ಹೂವು ನೆನೆಹಾಕಿದ ನೀರು ತಂದುಕೊಟ್ಟು, ಬೆಳಿಗ್ಗೆ ಸಂಜೆ ಕಣ್ಣು ತೊಳೆಯಿರಿ ಎಂದೆ. ತೊಳೆದಳು. ಪಟ್ಟಿಗಾರನೇ ಕಣ್ಣಿನ ದೋಷ ಎಂದ ಮೇಲೆ ದೀಪವನ್ನು ಅನುಮಾನಿಸದೆ ಎರಡು ತಿಂಗಳು ಬಿಡದೆ ತೊಳೆದಳು. ಬಟ್ಟೆಯನ್ನು ಮುಖದ ಹತ್ತಿರ ಹಿಡಿದು ಹೊಲಿದು ಹೊಲಿದು ಕತ್ತು ಹಿಡಿದುಕೊಂಡಿತು. ಚಾವಡಿಯ ಯಜಮಾನರ ಮಗಳ ಮದುವೆಯ ಕುಪ್ಪಸದಲ್ಲಿ ನವಿಲಿನ ಕಾಲು ತಪ್ಪಿ ಹೊಟ್ಟೆಗೆ ಬಿತ್ತು. ಅವರು ಬಟ್ಟೆ ವಾಪಸು ಒಯ್ದರು, ಆಮೇಲೆ ಬೇರೆಯವರೂ ಒಯ್ದರು. ದಾಕ್ಷಾಯಣಿ ತನ್ನ ಸಣ್ಣ ಸೂಜಿಗಳನ್ನೆಲ್ಲ ಒಂದು ಬಟ್ಟೆಗೆ ಚುಚ್ಚಿ ಸುತ್ತಿಟ್ಟಳು. ಬಂಡೆಯಾಚೆಯ ಊರಿನಲ್ಲಿರುವ ಅಣ್ಣನಿಗೆ ಹೇಳಿಕಳಿಸಿದ್ದಾಳೆ, ಸೋಮವಾರ ಗಾಡಿ ಬರುತ್ತದೆ ಎಂಬ ಸುದ್ದಿ ನನಗೆ ತಲುಪಿದಾಗ ಶುಕ್ರವಾರವಾಗಿತ್ತು. ಅಣ್ಣನ ಮನೆಯಲ್ಲಿ ಕಣ್ಣಿಲ್ಲದ ತಂಗಿಗೆ ಯಾವ ಮೂಲೆ ಸಿಗುತ್ತದೆ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತಿಮ್ಮಾಜಮ್ಮನ ಹತ್ತಿರ ಹೋಗಿ ಗೋಳು ತೋಡಿಕೊಂಡೆ. ಅವರು ಎಂಬತ್ತರ ಮುದುಕಿ, ಕರಿಪಟ್ಟಿಯಲ್ಲೇ ಕೂತು ಎಲೆಯಡಿಕೆ ಜಗಿಯುತ್ತಾ ಕೇಳಿಸಿಕೊಂಡರು.

"ಎರಡನೇ ದೀಪ ಹಾಕಿದ ಮೇಲೆ ಕಾಣದೆ ಹೋಯ್ತು ಅನ್ನು."

"ದೀಪಕ್ಕೂ ಅದಕ್ಕೂ ಸಂಬಂಧ ಇಲ್ಲ ಅಮ್ಮ. ಕಣ್ಣಿನ ದೋಷ."

"ಕೂತು ನೋಡಿದ್ಯಾ?"

"ನೋಡಿದೆ," ಎಂದೆ. ನೋಡಿದ್ದು ನಿಜವಲ್ಲವೇ, ಕೂತದ್ದು ಮಾತ್ರ ಇಲ್ಲ.

ಅವರು ಎಲೆಯಡಿಕೆ ಉಗುಳಿದರು. "ಬೆಳಕು ಕಳೆದುಹೋಗಲ್ಲ ಕಣೋ ಶಿವರುದ್ರ. ಒಂದು ಕಡೆ ಕಮ್ಮಿ ಆಯ್ತು ಅಂದ್ರೆ ಇನ್ನೊಂದು ಕಡೆ ಯಾರೋ ಜಾಸ್ತಿ ಮಾಡ್ಕೊಂಡಿರ್ತಾರೆ. ಆ ಹೆಣ್ಣುಮಗಳ ಕೈಯಿಂದ ಕಿತ್ತು ಎಲ್ಲಿಗೆ ಹಾಕ್ಕೊಂಡೆ ಅಂತ ಯೋಚನೆ ಮಾಡು."

ನನಗೆ ಸಿಟ್ಟು ಬಂತು. ಮುದುಕಿಗೆ ಅರಳುಮರಳು ಎಂದುಕೊಂಡು ಎದ್ದುಬಂದೆ.

ಶನಿವಾರ ಮಧ್ಯಾಹ್ನ ದಾಕ್ಷಾಯಣಿ ಕರೆದು, "ನಿಮ್ಮ ದೀಪ ಬಿಚ್ಚಿಕೊಂಡು ಹೋಗಿ. ಕಣ್ಣಿಲ್ಲದವಳಿಗೆ ಎರಡು ದೀಪ ಯಾಕೆ? ನೀವು ಇಷ್ಟೆಲ್ಲ ಮಾಡಿದ್ರಿ, ನನ್ನ ಹಣೆಬರಹಕ್ಕೆ ನೀವೇನು ಮಾಡ್ತೀರಿ," ಎಂದಳು. ಅದರಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಪಾನಕ ತರುತ್ತೇನೆ ಎಂದು ಒಳಗೆ ಹೋದಳು.

ಏಣಿ ಹತ್ತಲು ಮನಸ್ಸಾಗಲಿಲ್ಲ, ಮೊಣಕಾಲೂ ನೋಯುತ್ತಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಬಾವಿಕಟ್ಟೆಯ ಬಿಸಿಲಿಗೆ ಹೋಗಿದ್ದರು. ಚಾಪೆಯ ಮೇಲೆ ಕೂತೆ. ಮುಖದ ಮೇಲೆ ಬೆಳಕು ರಪ್ಪನೆ ಬಡಿಯಿತು, ಬೀದಿಯಾಚೆಗೆ ನನ್ನ ಕಿಟಕಿ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಹೋಗುವ ಮೊದಲು ಅಭ್ರಕದ ಕಟ್ಟಿನ ದಾರ ಬಿಗಿದುಕೊಳ್ಳೋಣ ಎಂದು ತೊಡೆಯ ಮೇಲೆ ಇಟ್ಟುಕೊಂಡು ಕೆಳಗೆ ನೋಡಿದೆ. ದಾರ ಕಾಣಲಿಲ್ಲ. ಕಟ್ಟು ಕಾಣಲಿಲ್ಲ. ನನ್ನ ಕೈಗಳೇ ಕಾಣಲಿಲ್ಲ.

ಅಯ್ಯೋ ದೇವರೇ, ನನ್ನ ಕಣ್ಣೂ ಹೋಯಿತು! ನನ್ನ ಮೊದಲ ಯೋಚನೆ ಇದೇ, ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷ ಪಟ್ಟಿ ಅಳೆದವನು ಕರಿಪಟ್ಟಿಯೊಳಗೆ ಕೈಯಿಟ್ಟುಕೊಂಡು, ಇದು ಅಂಟುಜಾಡ್ಯವಿರಬೇಕು, ಹೂವಿನ ನೀರನ್ನು ನಾನೂ ಹಾಕಿಕೊಳ್ಳಬೇಕಿತ್ತು ಎಂದು ಯೋಚಿಸಿದೆ. ಆಮೇಲೆ ಕೈಯನ್ನು ಮೇಲೆತ್ತಿದೆ. ಗಲ್ಲದ ಹತ್ತಿರ ಬಂದದ್ದೇ ತಡ, ಉಗುರಿನ ಕೊಳೆಯೂ ಕಂಡಿತು. ಇಳಿಸಿದೆ, ಹೋಯಿತು. ಎತ್ತಿದೆ, ಬಂತು. ಆಕೆಯ ಮುಖಕ್ಕೆ ನಾಲ್ಕು ದೀಪದ ಬೆಳಕು ಕೊಡಲು ನಾನು ಆಕೆಯ ಕೈಯನ್ನು ಪೂರ್ತಿ ಕತ್ತಲೆಗೆ ದೂಡಿದ್ದೆ. ಆ ಮುಖ ನೋಡಿ ಸುಖಪಟ್ಟವನು ನಾನೊಬ್ಬನೇ. ಆ ಕೈಯಿಂದ ಉಣ್ಣಬೇಕಾಗಿದ್ದವಳು ಆಕೆ.

ಏಣಿ ಹತ್ತಿ, ಕೆಳಗಿನ ದೀಪದ ಮುಂದೆ ಅಭ್ರಕದ ಒಂದು ಹಾಳೆ ಸಿಕ್ಕಿಸಿದೆ. ಇಳಿಯುವ ಹೊತ್ತಿಗೆ ಆಕೆ ಲೋಟ ಹಿಡಿದು ಬಂದು ಚಾಪೆಯ ಮೇಲೆ ಕೂತಾಗಿತ್ತು. ಲೋಟವನ್ನು ಕೆಳಗಿಡಲು ನೀಡಿದ ಕೈ ಅಲ್ಲೇ ನಿಂತಿತು. ತೊಡೆಯ ಮೇಲೆ ಬೆಳಕು ಸುರಿದಿತ್ತು. ಬೆರಳ ತುದಿಯ ಸೂಜಿಗಾಯಗಳು ಒಂದೊಂದೂ ಎಣಿಸುವಂತೆ ಕಾಣುತ್ತಿದ್ದವು.

"ಕಾಣ್ತಿದೆ," ಎಂದಳು. "ಪಟ್ಟಿಗಾರ್ರೇ, ನನ್ನ ಕೈ ಕಾಣ್ತಿದೆ! ನಿಮ್ಮ ಹೂವಿನ ನೀರು ಕಣ್ಣು ತಂದುಕೊಡ್ತು!" ದನಿಯಲ್ಲಿ ಅಳುವೂ ನಗುವೂ ಇತ್ತು, ಬೆರಳುಗಳು ಆಗಲೇ ಸೂಜಿಯ ಸುರುಳಿ ಬಿಚ್ಚುತ್ತಿದ್ದವು.

ನನ್ನ ನಾಲಗೆಯ ತುದಿಯಲ್ಲಿ ಏನಿತ್ತು ಗೊತ್ತೇ? 'ನಾನು ಹೇಳಿರಲಿಲ್ವಾ' ಎಂಬ ಮಾತು. ಅದನ್ನು ಆಡಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆಕೆ ಊರು ಬಿಡುತ್ತಿರಲಿಲ್ಲ, ನಾನು ಕಣ್ಣು ತಂದುಕೊಟ್ಟ ಪುಣ್ಯಾತ್ಮನಾಗುತ್ತಿದ್ದೆ, ಮುಂದಿನ ವೈಶಾಖಕ್ಕೆ ಮದುವೆಯ ಓಲಗವೂ ಮೊಳಗುತ್ತಿತ್ತೋ ಏನೋ. ಬಾಯಿ ತೆರೆದೂ ಆಗಿತ್ತು.

ಅಷ್ಟರಲ್ಲಿ ಆಕೆ, "ನಿಮಗೆ ಹೇಳಿರ್ಲಿಲ್ಲ, ದಿನಾ ಕಣ್ಣು ಮುಚ್ಕೊಂಡು ನಡೆಯೋದು ಕಲೀತಿದ್ದೆ," ಎಂದಳು. "ಚಾಪೆಯಿಂದ ಹೊಸ್ತಿಲಿಗೆ ಏಳು ಹೆಜ್ಜೆ, ಹೊಸ್ತಿಲಿಂದ ಒಲೆಗೆ ಒಂಬತ್ತು. ಎರಡು ಸಲ ಒಲೆ ಮೇಲೇ ಕೈಯಿಟ್ಟೆ." ಮುಂಗೈ ತಿರುಗಿಸಿ ತೋರಿಸಿದಳು. ಆ ನಾಲ್ಕು ದೀಪದ ಬೆಳಕಿನಲ್ಲಿ ಸುಟ್ಟ ಗಾಯ ಎಷ್ಟು ಚೆನ್ನಾಗಿ ಕಂಡಿತು ಎಂದರೆ, ನಾನು ಮುಖ ತಿರುಗಿಸಲೂ ಆಗಲಿಲ್ಲ.

"ನಿಮ್ಮ ಕಣ್ಣಿಗೆ ಏನೂ ಆಗಿರ್ಲಿಲ್ಲ," ಎಂದೆ. "ನೀರಿಂದ ಬರ್ಲಿಲ್ಲ, ಹೋಗೂ ಇರ್ಲಿಲ್ಲ. ನಾನು ಬಿಳಿಪಟ್ಟಿನ ನಿಮ್ಮ ಮುಖದ ಮೇಲೆ ಹಾಕಿದ್ದೆ, ಕರಿಪಟ್ಟಿ ಕೈ ಮೇಲೆ ಬಿದ್ದಿತ್ತು. ಇಲ್ಲಿ ಕೂತು ನೋಡ್ಬೇಕಿತ್ತು, ನೋಡ್ಲಿಲ್ಲ."

ಆಕೆ ಕೈಯನ್ನು ಮುಖದ ತನಕ ಎತ್ತಿ, ಮತ್ತೆ ಬೆಳಕಿಗೆ ಇಳಿಸಿದಳು. "ಮುಖದ ಮೇಲೆ ಯಾಕೆ ಹಾಕಿದ್ರಿ? ಮುಖದಲ್ಲಿ ಹೊಲೀತೀನಾ ನಾನು?"

"ನನ್ನ ಕಿಟಕಿಯಿಂದ ಚೆನ್ನಾಗಿ ಕಾಣ್ಲಿ ಅಂತ."

ಅದನ್ನು ಹೇಳುವಾಗ ಆಕೆಯ ಮುಖ ಹೇಗಾಯಿತು ಎಂದು ನನಗೆ ಗೊತ್ತಿಲ್ಲ. ಅದೀಗ ಕರಿಪಟ್ಟಿಯಲ್ಲಿತ್ತು. ಕೈ ಮಾತ್ರ ಕಾಣುತ್ತಿತ್ತು. ಆ ಕೈ ಸುರುಳಿಯಿಂದ ಅತಿ ಸಣ್ಣ ಸೂಜಿಯನ್ನು ಆರಿಸಿ ತೆಗೆಯಿತು, ದಾರವನ್ನು ಒಂದೇ ಏಟಿಗೆ ಪೋಣಿಸಿತು.

"ಅಭ್ರಕ ಅಲ್ಲೇ ಇರ್ಲಿ," ಎಂದಿತು ಕತ್ತಲೆಯೊಳಗಿನ ದನಿ. "ನೀವು ಹೋಗಿ."

ಸೋಮವಾರ ಗಾಡಿ ಬಂದು ಖಾಲಿ ಹೋಯಿತು. ಆಕೆ ಬೀದಿಗೆಲ್ಲ ವಿಷಯ ಹೇಳಿದಳೋ, ಬೀದಿಯೇ ಊಹಿಸಿತೋ, ಅಂತೂ ತಿಮ್ಮಾಜಮ್ಮ ನನ್ನ ಏಣಿಯನ್ನು ಕಿತ್ತಿಟ್ಟುಕೊಂಡು ಒಂದು ತಿಂಗಳ ಶಿಕ್ಷೆ ಕೊಟ್ಟರು. ನಾನು ಪಟ್ಟಿ ಹಾಕಿಕೊಟ್ಟ ಜಾಗಗಳಿಗೆಲ್ಲ ಮತ್ತೆ ಹೋಗಿ, ಆಯಾ ಕೆಲಸ ಮಾಡುತ್ತಾ ಒಂದೊಂದು ಗಳಿಗೆ ಕೂರಬೇಕು. ಅವರೆಕಾಯಿ ಬಿಡಿಸಿದೆ, ರಾಗಿ ಬೀಸಿದೆ, ಕುಂಬಾರರ ಮನೆಯಲ್ಲಿ ನಾಲ್ಕು ಮಡಕೆ ಕೆಡಿಸಿದೆ. ಹೋದ ಕಡೆಯೆಲ್ಲ ಜನ, "ಇಲ್ಲಿಂದ ಯಾರ ಮುಖ ಕಾಣತ್ತೆ ಪಟ್ಟಿಗಾರ್ರೇ?" ಎಂದು ಕೇಳಿ ನಗುತ್ತಿದ್ದರು.

ಎದುರು ಜಗಲಿಗೆ ಮಾತ್ರ ಹೋಗಲಿಲ್ಲ. ಆಕೆ ಕರೆಯಲೂ ಇಲ್ಲ. ಕಿಟಕಿಯಲ್ಲಿ ಕೂತರೆ ಎದುರಿಗೆ ಎರಡು ಕೈ ಕಾಣುತ್ತಿದ್ದವು, ಅದರ ಮೇಲೆ ಒಂದು ಮೊಳ ಅಗಲದ ಕತ್ತಲೆ. ಹನ್ನೆರಡು ವರ್ಷ ಎದುರು ಮನೆಯಲ್ಲಿದ್ದೂ ಆ ಕೈಗಳನ್ನು ನಾನು ನೋಡಿಯೇ ಇರಲಿಲ್ಲ. ಅವು ಬಟ್ಟೆಯ ಮೇಲೆ ನವಿಲು ಬಿಡಿಸುತ್ತಿದ್ದವು, ಈಗ ಕಾಲು ಇದ್ದಲ್ಲೇ ಇತ್ತು. ತಪ್ಪು ಹೊಲಿಗೆ ಬಿಚ್ಚುವಾಗ ಸಿಡುಕುತ್ತಿದ್ದವು, ಒಂದು ಹೂವು ಮುಗಿದಾಗ ಅದನ್ನು ಒಮ್ಮೆ ಸವರಿ ಸುಮ್ಮನಾಗುತ್ತಿದ್ದವು. ಇಷ್ಟು ಗೊತ್ತಿರದವನು ಮುಖ ನೋಡಿ ಏನು ತಿಳಿದುಕೊಂಡಿದ್ದೆನೋ. ನನ್ನನ್ನು ನೋಡುವವರು ಯಾರೂ ಇಲ್ಲ ಎಂಬ ನಂಬಿಕೆಯಿಂದ ಒಂದೆರಡು ಸಲ ಅತ್ತೂ ಬಿಟ್ಟೆ.

ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ ಆ ಕೈಗಳು ಹೊಲಿಗೆ ನಿಲ್ಲಿಸಿದವು.

"ಪಟ್ಟಿಗಾರ್ರೇ," ಎಂದು ಕತ್ತಲೆ ಕೂಗಿತು. "ಮುಖದ ಮೇಲೆ ಬೆಳಕಿದ್ದಾಗ ನನಗೆ ಆಚೆ ಏನೂ ಕಾಣ್ತಿರ್ಲಿಲ್ಲ. ಈಗ ನಿಮ್ಮ ಕಿಟಕಿ ಒಳಗೆ ಇರೋದೆಲ್ಲ ಕಾಣತ್ತೆ. ಒಂದು ತಿಂಗಳಿಂದ ನೋಡ್ತಿದೀನಿ."

ಒಂದು ತಿಂಗಳಿನಿಂದ ನಾನು ಆ ಕಿಟಕಿಯಲ್ಲಿ ಏನೇನು ಮಾಡಿದ್ದೆ ಎಂದು ನೆನಪಿಸಿಕೊಂಡು ನನಗೆ ಜೀವ ಹೋದಂತಾಯಿತು.

"ನಿಮ್ಮ ಅಂಗಿಗೆ ಮೂರನೇ ಗುಂಡಿ ಇಲ್ಲ," ಎಂದಳು. "ನೋಡಿ ನೋಡಿ ಸಾಕಾಯ್ತು. ಬಿಚ್ಚಿ ಕಳಿಸಿ, ಹಾಕ್ಕೊಡ್ತೀನಿ."

ಬಿಚ್ಚಿ ಕಳಿಸು ಎಂದದ್ದು ಸರಿಯಾಗಿಯೇ ಕೇಳಿಸಿತ್ತು. ಆದರೂ ನಾನು ಅಂಗಿಯನ್ನು ತೊಟ್ಟುಕೊಂಡೇ ಬೀದಿ ದಾಟಿದೆ. ಬೀದಿಯವರೆಲ್ಲ ಅವರವರ ಜಗಲಿಯ ಮೇಲಿದ್ದರು. ಆಕೆ ಚಾಪೆಯ ಮೇಲೆ ಸ್ವಲ್ಪ ಸರಿದಳು, ನಾನು ಕೂತೆ.